ದಂಡಿನಲ್ಲೊಂದು ಲೋಟ ಕಾಫಿ

ಬೆಳಗಿನ ಕಾಫಿ ಹತ್ತು ನಿಮಿಷ ತಡವಾದರೆ ನಮ್ಮಲ್ಲಿ ಅನೇಕರಿಗೆ ಲೋಕವೇ ಕೆಟ್ಟುಹೋದಂತೆ ತೋರುತ್ತದೆ. ಹಾಲಿನವನ ಮೇಲೆ, ಹಾಲು ಕಾಯಿಸಿದವರ ಮೇಲೆ, ಕೊನೆಗೆ ಯಾರೂ ಸಿಕ್ಕದಿದ್ದರೆ ಕೈಯಲ್ಲಿರುವ ಪತ್ರಿಕೆಯ ಮೇಲೆ ಸಿಟ್ಟು ತಿರುಗುತ್ತದೆ. ಕಾಫಿ ಬಂದು ಮೊದಲ ಗುಟುಕು ಗಂಟಲಲ್ಲಿ ಇಳಿದ ಮೇಲೆ, ಅದೇ ಲೋಕ ಅಷ್ಟೇನೂ ಕೆಟ್ಟದ್ದಲ್ಲವೆನ್ನಿಸುತ್ತದೆ. ಇಷ್ಟು ಚಿಕ್ಕ ವಸ್ತುವಿಗೆ ಇಷ್ಟು ದೊಡ್ಡ ಶಕ್ತಿ ಎಲ್ಲಿಂದ ಬಂತು, ಅದನ್ನು ಬಯಸುವುದು ಸರಿಯೆ ಎಂದು ನಾವು ಕೇಳಿಕೊಳ್ಳುವುದಿಲ್ಲ. ಕೇಳಿಕೊಳ್ಳಬೇಕೆನ್ನಿಸುವ ಹೊತ್ತಿಗೆ ಲೋಟ ಬರಿದಾಗಿರುತ್ತದೆ. ಆದರೆ ಇದೇ ಪ್ರಶ್ನೆಯನ್ನು ಒಬ್ಬ ಸೇನಾಪತಿ ಕೇಳಬೇಕಾಗಿ ಬಂದ ಸಂದರ್ಭ ಒಂದುಂಟು. ಅದು ನಡೆದದ್ದು ೨೦೧೦ರಲ್ಲಿ, ಆಫ್ಘಾನಿಸ್ಥಾನದ ಧೂಳಿನ ನಡುವೆ.

ಆಗ ಅಲ್ಲಿದ್ದ ಅಮೆರಿಕದ ಮತ್ತು ಮಿತ್ರರಾಷ್ಟ್ರಗಳ ಪಡೆಗಳಿಗೆ ಜನರಲ್ ಸ್ಟಾನ್ಲಿ ಮೆಕ್‌ಕ್ರಿಸ್ಟಲ್ ದಂಡನಾಯಕರಾಗಿದ್ದರು. ಕಂದಹಾರ್, ಬಗ್ರಾಂ ಮೊದಲಾದ ದೊಡ್ಡ ಸೇನಾ ನೆಲೆಗಳಲ್ಲಿ ಬರ್ಗರು, ಪಿಜ್ಜಾ ಮುಂತಾದುವನ್ನು ಮಾರುತ್ತಿದ್ದ ಅಂಗಡಿಗಳನ್ನು ಮುಚ್ಚಬೇಕೆಂದು ಅವರಿಂದ ಆಜ್ಞೆ ಹೊರಟಿತು. ಅವರ ಕೈಕೆಳಗಿನ ಹಿರಿಯ ಸಾರ್ಜೆಂಟ್ ಮೇಜರ್ ಮೈಕೇಲ್ ಹಾಲ್ ಈ ಆಜ್ಞೆಗೆ ಕಾರಣ ಕೊಡುತ್ತ, ಇದು ಯುದ್ಧಭೂಮಿಯೇ ಹೊರತು ಜಾತ್ರೆಯ ಬಯಲಲ್ಲ ಎಂಬ ಅರ್ಥದ ಮಾತನ್ನು ಬರೆದರು. ಮಾತು ಕಟುವಾಗಿದೆ. ಆದರೆ ಕಟುವಾದ ಮಾತ್ರಕ್ಕೆ ಸುಳ್ಳಾಗಬೇಕಾಗಿಲ್ಲ. ಮನೆಯಿಂದ ಸಾವಿರಾರು ಮೈಲಿ ದೂರದಲ್ಲಿ, ಕೊಲ್ಲುವುದಕ್ಕೂ ಸಾಯುವುದಕ್ಕೂ ಸಿದ್ಧನಾಗಿ ಬಂದವನಿಗೆ ಸಣ್ಣಪುಟ್ಟ ಸುಖಗಳ ಹಕ್ಕುಂಟೆ? ಉಂಟಾದರೆ ಎಷ್ಟು?

ಕಂದಹಾರಿನ ಹೆಸರು ನಮಗೆ ಹೊಸದಲ್ಲ. ೧೯೯೯ರ ಡಿಸೆಂಬರಿನ ಕೊನೆಯ ವಾರದಲ್ಲಿ ನಮ್ಮ ಅಪಹೃತ ವಿಮಾನ ನಿಂತಿದ್ದದ್ದು ಅಲ್ಲಿಯ ನಿಲ್ದಾಣದಲ್ಲಿ. ದೇಶವೆಲ್ಲ ಉಸಿರು ಹಿಡಿದು ಆ ಹೆಸರನ್ನು ಕೇಳುತ್ತಿತ್ತು. ಆ ನಿಲ್ದಾಣ ಅಮೆರಿಕದ ನೆರವಿನಿಂದ ಕಟ್ಟಿದ್ದು. ೧೯೫೦ರ ದಶಕದಲ್ಲಿ ಆರಂಭವಾದ ಕೆಲಸ ೬೦ರ ದಶಕದ ಮೊದಲಲ್ಲಿ ಮುಗಿಯಿತು. ದೂರ ಹಾರುವ ವಿಮಾನಗಳು ಅಲ್ಲಿ ಇಳಿದು ಎಣ್ಣೆ ತುಂಬಿಸಿಕೊಂಡು ಹೋಗಲೆಂಬುದು ಉದ್ದೇಶ. ಕಟ್ಟಡ ಮುಗಿಯುವ ಹೊತ್ತಿಗೆ ಜೆಟ್ ವಿಮಾನಗಳು ಬಂದು, ನಡುದಾರಿಯಲ್ಲಿ ಇಳಿಯುವ ಅಗತ್ಯವೇ ತಪ್ಪಿಹೋಯಿತು. ಪ್ರಯಾಣಿಕರಿಗಾಗಿ ಕಟ್ಟಿದ ನಿಲ್ದಾಣಕ್ಕೆ ಮುಂದೆ ಬಂದವರು ಸೈನಿಕರು: ಮೊದಲು ಸೋವಿಯೆತ್ತಿನವರು, ೨೦೦೧ರ ಡಿಸೆಂಬರಿನಲ್ಲಿ ಅಮೆರಿಕನರು, ಅನಂತರ ಕೆನಡಾ, ಬ್ರಿಟನ್ ಮೊದಲಾದ ದೇಶಗಳವರು. ೨೦೧೦ರ ಸುಮಾರಿಗೆ ಅದು ೨೫-೩೦ ಸಾವಿರ ಜನರ ಊರೇ ಆಗಿತ್ತು.

ಆ ಊರಿನಲ್ಲಿ ಬದುಕಿದವರೆಲ್ಲ ಮೊದಲು ನೆನೆಯುವುದು ಧೂಳನ್ನು. ನಮ್ಮ ಬೇಸಗೆಯ ರಸ್ತೆಯ ಧೂಳಲ್ಲ. ಮುಖಕ್ಕೆ ಹಚ್ಚುವ ಪೌಡರಿನಷ್ಟು ನಯವಾದ ಧೂಳು. ಹೆಜ್ಜೆ ಇಟ್ಟರೆ ಹೊಗೆಯಂತೆ ಏಳುತ್ತಿತ್ತು. ಬೂಟಿನೊಳಗೆ, ಬಂದೂಕಿನೊಳಗೆ, ಹಾಸಿಗೆಯ ಮಡಿಕೆಯಲ್ಲಿ, ಹಲ್ಲಿನ ಸಂದಿಯಲ್ಲಿ ಅದೇ. ಧೂಳಿನ ಜೊತೆಗೆ ನಾತ: ನೆಲೆಯ ಕೊಳಚೆಯೆಲ್ಲ ಬಂದು ಸೇರುವ ದೊಡ್ಡ ಕೊಳವೊಂದಿತ್ತು, ಗಾಳಿ ಆ ಕಡೆಯಿಂದ ಬೀಸಿದ ದಿನ ಊಟ ಸೇರುತ್ತಿರಲಿಲ್ಲ. ಆಗಾಗ ಹೊರಗಿನ ಬಯಲಿನಿಂದ ರಾಕೆಟ್ಟುಗಳು ಬಂದು ಬೀಳುತ್ತಿದ್ದವು. ಎಚ್ಚರಿಕೆಯ ಕೂಗು ಕೇಳಿದ ಕೂಡಲೆ ಇದ್ದಲ್ಲೇ ಬೋರಲಾಗಿ ನೆಲಕ್ಕೆ ಒರಗಬೇಕು. ಆಮೇಲೆ ಎದ್ದು ಕಾಂಕ್ರೀಟಿನ ಮರೆಗೆ ಓಡಬೇಕು. ಅಪಾಯ ಕಳೆಯಿತೆಂದು ತಿಳಿದ ಮೇಲೆ ಮೈ ಕೊಡವಿಕೊಂಡು ಬಿಟ್ಟ ಕೆಲಸಕ್ಕೆ ಹಿಂತಿರುಗಬೇಕು.

ಇಂಥ ಊರಿನ ನಡುವೆ ಮರದ ಹಲಗೆಗಳನ್ನು ಹಾಸಿ ಚೌಕಾಕಾರದ ಒಂದು ನಡೆದಾರಿ ಮಾಡಿದ್ದರು. ಧೂಳಿನಿಂದ ಒಂದು ಗೇಣು ಮೇಲೆ ಎಂಬುದೇ ಅದರ ಮೊದಲ ಸುಖ. ಅದರ ಸುತ್ತಲೂ ಅಂಗಡಿಗಳು. ನಡುವೆ ಕೆನಡಾದವರು ಕಟ್ಟಿಕೊಂಡ ಹಾಕಿ ಅಂಕಣ. ಅಲ್ಲಿಯೇ ೨೦೦೬ರಲ್ಲಿ ಕೆನಡಾದ ಹೆಸರಾಂತ ಕಾಫಿ ಅಂಗಡಿ ಟಿಮ್ ಹಾರ್ಟನ್ಸ್ ಬಾಗಿಲು ತೆರೆಯಿತು. ೨೦೧೧ರ ಕೊನೆಯಲ್ಲಿ ಮುಚ್ಚುವ ತನಕ ಅದು ಸುಮಾರು ೪೦ ಲಕ್ಷ ಬಟ್ಟಲು ಕಾಫಿ ಮಾರಿತೆಂದು ಲೆಕ್ಕ ಹೇಳುತ್ತಾರೆ. ಜೊತೆಗೆ ಡೋನಟ್ ಎಂಬ ತಿಂಡಿ. ಆಕಾರದಲ್ಲಿ ನಮ್ಮ ಉದ್ದಿನವಡೆ, ರುಚಿಯಲ್ಲಿ ಸಿಹಿ. ಅದಕ್ಕಾಗಿ ಸುಡುಬಿಸಿಲಿನಲ್ಲಿ, ಹೆಗಲಿಗೆ ಬಂದೂಕು ತೂಗುಹಾಕಿಕೊಂಡು, ಜನ ಸಾಲುಗಟ್ಟಿ ನಿಲ್ಲುತ್ತಿದ್ದರು.

ಈ ಸಾಲನ್ನು ನೋಡಿ ನಗುವುದು ಸುಲಭ. ಆದರೆ ಸಾಲಿನಲ್ಲಿ ನಿಂತವನು ಬಯಸುತ್ತಿದ್ದದ್ದು ಕಾಫಿಯನ್ನಷ್ಟೆ ಎಂದು ನನಗೆ ತೋರುವುದಿಲ್ಲ. ಕಾಫಿ ಅವನ ಊಟದ ಮನೆಯಲ್ಲೂ ಪುಕ್ಕಟೆಯಾಗಿ ಸಿಕ್ಕುತ್ತಿತ್ತು. ಯೋಚಿಸಿ ನೋಡಿ: ಸೈನಿಕ ಏಳುವ ಗಂಟೆಯನ್ನು ಬೇರೆಯವರು ಗೊತ್ತುಮಾಡುತ್ತಾರೆ, ಉಡುವ ಬಟ್ಟೆ, ಕತ್ತರಿಸಬೇಕಾದ ಕೂದಲು, ಹೋಗಬೇಕಾದ ದಾರಿ ಎಲ್ಲವನ್ನೂ ಬೇರೆಯವರು ಗೊತ್ತುಮಾಡುತ್ತಾರೆ. ಸಾಯುವ ಜಾಗವನ್ನು ಕೂಡ ಒಂದು ರೀತಿಯಲ್ಲಿ ಬೇರೆಯವರೇ ಗೊತ್ತುಮಾಡಿರುತ್ತಾರೆ. ಇಂಥವನನ್ನು ಅಂಗಡಿಯ ಹುಡುಗಿ, “ಸಕ್ಕರೆ ಎಷ್ಟು?” ಎಂದು ಕೇಳುತ್ತಾಳೆ. ಆ ಒಂದು ನಿಮಿಷ ಅವನು ಸಂಖ್ಯೆಯಲ್ಲ, ದರ್ಜೆಯಲ್ಲ. ಎರಡು ಚಮಚ ಸಕ್ಕರೆಯನ್ನು ಇಷ್ಟಪಡುವ ಒಬ್ಬ ಮನುಷ್ಯ. ಊರಿನಲ್ಲಿ ಅಣ್ಣನೊಡನೆಯೋ ಗೆಳತಿಯೊಡನೆಯೋ ಇದೇ ಬಣ್ಣದ ಬಟ್ಟಲು ಹಿಡಿದು ಕುಳಿತಿದ್ದವನು. ಸಣ್ಣ ಸುಖದ ದೊಡ್ಡ ಶಕ್ತಿ ಇರುವುದು ಇಲ್ಲಿ. ಅದು ನಾಲಗೆಯನ್ನು ತಣಿಸುವುದಕ್ಕಿಂತ ಹೆಚ್ಚಾಗಿ, ನಾನು ಯಾರೆಂಬುದನ್ನು ನನಗೆ ನೆನಪುಮಾಡಿಕೊಡುತ್ತದೆ.

ಇಷ್ಟು ಹೇಳಿದ ಮೇಲೂ ಸೇನಾಪತಿಯ ವಾದವನ್ನು ಕೇಳದೆ ಬಿಡುವುದು ನ್ಯಾಯವಲ್ಲ. ಆಫ್ಘಾನಿಸ್ಥಾನಕ್ಕೆ ಸಮುದ್ರವಿಲ್ಲ. ಸಾಮಾನು ಕರಾಚಿಯ ಬಂದರಿನಲ್ಲಿ ಇಳಿದು, ಖೈಬರಿನ ಕಣಿವೆಯಲ್ಲೋ ಚಮನ್ ಗಡಿಯಲ್ಲೋ ಲಾರಿಗಳಲ್ಲಿ ಬರಬೇಕು. ಇಲ್ಲವೆ ವಿಮಾನದಲ್ಲಿ ಬರಬೇಕು. ಪಿಜ್ಜಾದ ಹಿಟ್ಟು ಕುಳಿತ ಜಾಗದಲ್ಲಿ ಮದ್ದುಗುಂಡು ಕುಳಿತುಕೊಳ್ಳಬಹುದಾಗಿತ್ತು. ಎರಡನೆಯದಾಗಿ, ದೊಡ್ಡ ನೆಲೆಯ ಹೊರಗೆ, ಬೆಟ್ಟದ ಬುಡದ ಸಣ್ಣ ಠಾಣ್ಯಗಳಲ್ಲಿ, ಅದೇ ಸೇನೆಯ ಜನ ಪೊಟ್ಟಣದ ಊಟ ತಿಂದು, ವಾರಗಟ್ಟಲೆ ಸ್ನಾನವಿಲ್ಲದೆ ದಿನ ತಳ್ಳುತ್ತಿದ್ದರು. ಅವರಿಗೆ ನೆಲೆಯೊಳಗಿನ ‘ಸುಖಪುರುಷ’ರನ್ನು ಕಂಡರೆ ತಾತ್ಸಾರ. ಒಬ್ಬ ಹಸಿದಿರುವಾಗ ಇನ್ನೊಬ್ಬ ಅವನ ಪಕ್ಕದಲ್ಲೇ ಮೃಷ್ಟಾನ್ನ ಉಣ್ಣಬಾರದೆಂಬುದು ಯಾವ ದೇಶದಲ್ಲೂ ಒಪ್ಪತಕ್ಕ ಮಾತೇ.

ಆಜ್ಞೆಯ ಮುಂದಿನ ಕಥೆಯನ್ನೂ ಹೇಳಿಬಿಡುತ್ತೇನೆ. ಹಲವು ಅಂಗಡಿಗಳು ಮುಚ್ಚಿದವು. ಕೆನಡಾದವರ ಕಾಫಿ ಅಂಗಡಿ ಉಳಿಯಿತು. ಆ ವರ್ಷದ ಜೂನಿನಲ್ಲಿ ಬೇರೊಂದು ಕಾರಣಕ್ಕೆ ಜನರಲ್ ಮೆಕ್‌ಕ್ರಿಸ್ಟಲ್ ಅಧಿಕಾರ ಬಿಡಬೇಕಾಯಿತು. ಅವರ ಜಾಗಕ್ಕೆ ಬಂದ ಜನರಲ್ ಪೆಟ್ರೇಯಸ್ ಅವರ ಕಾಲದಲ್ಲಿ ಕೆಲವು ಅಂಗಡಿಗಳು ಮತ್ತೆ ತೆರೆದವು. ಅಂಗಡಿ ಮುಚ್ಚಿದ್ದರಿಂದ ಯುದ್ಧ ಗೆದ್ದದ್ದೂ ಇಲ್ಲ, ತೆರೆದದ್ದರಿಂದ ಸೋತದ್ದೂ ಇಲ್ಲ. ಆದ್ದರಿಂದ ಪ್ರಶ್ನೆ ಪ್ರಶ್ನೆಯಾಗಿಯೇ ಉಳಿಯಿತು.

ಸುಖವನ್ನು ಕಿತ್ತುಕೊಂಡರೆ ಯೋಧ ಗಟ್ಟಿಯಾಗುತ್ತಾನೆಂಬ ನಂಬಿಕೆ ಬಹಳ ಹಳೆಯದು. ಅದನ್ನು ನಂಬುವ ಮುನ್ನ ನಮ್ಮವರ ಅನುಭವವನ್ನೇ ನೋಡಬಹುದು. ಬೆಂಗಳೂರಿನ ಜಯಚಾಮರಾಜೇಂದ್ರ ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಪಡೆಯ ಸ್ಮಾರಕವೊಂದಿದೆ. ೧೯೧೪ರಲ್ಲಿ ಹೊರಟ ಆ ಕುದುರೆ ಸವಾರರು ಸೂಯೆಜ್ ಕಾಲುವೆಯ ಕಾವಲಿಗೆ ಹೋಗಿ, ೧೯೧೮ರ ಸೆಪ್ಟೆಂಬರ್ ೨೩ರಂದು ಹೈಫಾ ನಗರವನ್ನು ಹಿಡಿದ ದಾಳಿಯಲ್ಲಿ ಹೆಸರು ಪಡೆದರು. ನಾವು ನೆನೆಯುವುದು ಆ ದಾಳಿಯನ್ನು. ಆದರೆ ದಾಳಿ ಒಂದು ದಿನದ್ದು. ಮರಳಿನಲ್ಲಿ ಕಳೆದ ವರ್ಷಗಳು ನಾಲ್ಕು. ಯುದ್ಧವೆಂದರೆ ಬಹುಪಾಲು ಕಾಯುವುದು: ನೀರಿಗೆ ಕಾಯುವುದು, ಕಾಗದಕ್ಕೆ ಕಾಯುವುದು, ಸಂಜೆಯ ತಂಪಿಗೆ ಕಾಯುವುದು. ಕಾಯುವವನಿಗೆ ಬೇಕಾದದ್ದು ಶೌರ್ಯಕ್ಕಿಂತ ಹೆಚ್ಚಾಗಿ ಸಹನೆ. ಸಹನೆಗೆ ಏನಾದರೂ ಆಸರೆ ಬೇಕು.

ಅದೇ ಮಹಾಯುದ್ಧದಲ್ಲಿ ಭಾರತದಿಂದ ಮೆಸೊಪೊಟೇಮಿಯಾಕ್ಕೆ, ಎಂದರೆ ಇಂದಿನ ಇರಾಕಿಗೆ, ದೊಡ್ಡ ಪಡೆ ಹೋಗಿತ್ತು. ಆಡಳಿತದವರು ಖರ್ಚು ಹಿಡಿದರು. ಟೈಗ್ರಿಸ್ ನದಿಯಲ್ಲಿ ಸಾಮಾನು ಸಾಗಿಸಲು ಸಾಕಷ್ಟು ದೋಣಿಗಳಿರಲಿಲ್ಲ. ತರಕಾರಿ, ಹಣ್ಣು ಅನಗತ್ಯವಾದ ಭೋಗವೆಂಬಂತೆ ಹಿಂದುಳಿದವು. ಕುತ್ ಎಂಬ ಊರಿನಲ್ಲಿ ೧೯೧೫ರ ಡಿಸೆಂಬರಿನಿಂದ ೧೯೧೬ರ ಏಪ್ರಿಲ್ ತನಕ ಮುತ್ತಿಗೆಗೆ ಸಿಕ್ಕಿಕೊಂಡ ಪಡೆಯಲ್ಲಿ ವಿಚಿತ್ರವೊಂದು ಕಂಡಿತು: ಬಿಳಿಯ ಹಿಟ್ಟಿನ ರೊಟ್ಟಿ ತಿಂದ ಬ್ರಿಟಿಷ್ ಸೈನಿಕರಿಗೆ ಬೆರಿಬೆರಿ ರೋಗ ಬಂತು, ಗೋಧಿಯ ಅಟ್ಟಾ ತಿಂದ ಭಾರತೀಯರಿಗೆ ಅದು ತಪ್ಪಿತು, ಆದರೆ ಹಸಿ ತರಕಾರಿಯೂ ಇಲ್ಲದೆ, ಧರ್ಮಕ್ಕೆ ಅಂಜಿ ಕುದುರೆಯ ಮಾಂಸವನ್ನೂ ಮುಟ್ಟದೆ, ಸ್ಕರ್ವಿ ರೋಗ ಹಿಡಿಯಿತು. ಒಸಡು ಊದಿ, ರಕ್ತ ಸೋರಿ, ಹಳೆಯ ಗಾಯಗಳು ಮತ್ತೆ ಬಾಯಿ ಬಿಡುವ ರೋಗ ಅದು. ೧೯೧೭ರಲ್ಲಿ ಮೆಸೊಪೊಟೇಮಿಯಾ ಆಯೋಗದ ವರದಿ ಹೊರಬಂದಾಗ ಇಂಗ್ಲೆಂಡಿನಲ್ಲಿ ಕೋಲಾಹಲವೆದ್ದು, ಭಾರತ ಮಂತ್ರಿ ಆಸ್ಟೆನ್ ಚೇಂಬರ್ಲಿನ್ ರಾಜೀನಾಮೆ ಕೊಟ್ಟರು.

ಊಟದ ಜೊತೆಗೆ ಒಂದು ಹೋಳು ನಿಂಬೆಹಣ್ಣು, ಎರಡು ಹಸಿ ಸೊಪ್ಪು: ಮನೆಯಲ್ಲಿ ಕುಳಿತ ಲೆಕ್ಕಿಗನಿಗೆ ಇದು ಬಾಯಿರುಚಿ, ರಣದಲ್ಲಿದ್ದವನಿಗೆ ಇದೇ ಪ್ರಾಣ. ಯಾವುದು ಅವಶ್ಯಕ, ಯಾವುದು ಭೋಗ ಎಂಬ ಗೆರೆಯನ್ನು ದೂರದಲ್ಲಿ ಕುಳಿತು ಎಳೆಯಲಾಗದು. ಗೆರೆ ಎಳೆಯುವವರು ಬಹುಮಟ್ಟಿಗೆ ಗೆರೆಯ ಸುಖದ ಬದಿಯಲ್ಲೇ ನಿಂತಿರುತ್ತಾರೆಂಬುದನ್ನೂ ಗಮನಿಸಬೇಕು. ಇನ್ನೊಬ್ಬರ ಸರಳಜೀವನವನ್ನು ಹೊಗಳುವಷ್ಟು ಸುಲಭವಾದ ವೈರಾಗ್ಯ ಮತ್ತೊಂದಿಲ್ಲ.

ಹಾಗಾದರೆ ಸೈನಿಕನ ಕಾಫಿ ನಿರ್ದೋಷಿಯೆಂದು ತೀರ್ಪು ಕೊಟ್ಟು ಎದ್ದುಹೋಗಬಹುದೆ? ಇಲ್ಲಿ ನನಗೆ ಕಾಲು ತಡೆಯುತ್ತದೆ. ಅಮೆರಿಕದ ಸೇನೆಯೇ ಮಾಡಿಸಿ ೨೦೦೯ರಲ್ಲಿ ಹೊರತಂದ ಅಧ್ಯಯನವೊಂದು ೨೦೦೭ರ ಲೆಕ್ಕವನ್ನು ಹಿಡಿದು, ಆಫ್ಘಾನಿಸ್ಥಾನದಲ್ಲಿ ಎಣ್ಣೆ ಹೊತ್ತ ವಾಹನಗಳ ಪ್ರತಿ ೨೪ ಸಾಲುಗಳಿಗೆ ಒಬ್ಬ ಸಾಯುತ್ತಿದ್ದ ಇಲ್ಲವೆ ಗಾಯಗೊಳ್ಳುತ್ತಿದ್ದ ಎಂದು ಹೇಳಿತು. ಆ ಎಣ್ಣೆಯೆಲ್ಲ ವಿಮಾನಕ್ಕೂ ಟ್ಯಾಂಕಿಗೂ ಹೋಗುತ್ತಿರಲಿಲ್ಲ. ಒಂದು ದೊಡ್ಡ ಪಾಲು ವಿದ್ಯುತ್ ಯಂತ್ರಗಳಿಗೆ, ಅವುಗಳ ಮೂಲಕ ಡೇರೆಗಳನ್ನು ತಂಪಾಗಿಡುವ ಯಂತ್ರಗಳಿಗೆ ಹೋಗುತ್ತಿತ್ತು. ಬೇಸಗೆಯಲ್ಲಿ ನೂರು ಡಿಗ್ರಿಗೂ ಮೀರಿ ಕಾಯುವ ಬಯಲಿನಲ್ಲಿ ಡೇರೆಯ ಬಟ್ಟೆಗೆ ತಂಪು ನಿಲ್ಲುವುದಿಲ್ಲ. ತಂಪೆಲ್ಲ ಹೊರಕ್ಕೆ ಸೋರಿ ಬಯಲು ಸೇರುತ್ತಿತ್ತು. ಒಳಗೆ ಮಲಗಿದವನು ದಣಿದು ಬಂದವನು. ಅವನ ನಿದ್ದೆಯನ್ನು ಯಾರೂ ಆಕ್ಷೇಪಿಸಲಾರರು. ಆದರೆ ಅವನ ನಿದ್ದೆಗಾಗಿ ಎಣ್ಣೆ ತರುತ್ತಿದ್ದ ಚಾಲಕ, ಎಷ್ಟೋ ಸಲ ಪಾಕಿಸ್ತಾನದ ಅಥವಾ ಆಫ್ಘಾನಿಸ್ಥಾನದ ಒಬ್ಬ ಬಡವ, ಕಣಿವೆಯ ತಿರುವಿನಲ್ಲಿ ಲಾರಿಯ ಜೊತೆಗೆ ಸುಟ್ಟುಹೋಗುತ್ತಿದ್ದ. ಇಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡಿದವರಲ್ಲ.

ಚಾಲಕ ದೂರದವನಾಯಿತು, ನೆಲೆಯೊಳಗೇ ಇದ್ದವರ ಮಾತೇನು? ಟಿಮ್ ಹಾರ್ಟನ್ಸ್ ಅಂಗಡಿಗೆ ಕೆನಡಾದಿಂದಲೇ ಕೆಲಸದವರು ಬರುತ್ತಿದ್ದರು. ಆದರೆ ಇರಾಕ್, ಆಫ್ಘಾನಿಸ್ಥಾನಗಳ ನೆಲೆಗಳಲ್ಲಿ ಅಡಿಗೆ ಮಾಡಿದವರು, ಬಟ್ಟೆ ಒಗೆದವರು, ಪಾಯಿಖಾನೆ ತೊಳೆದವರು ಹೆಚ್ಚಾಗಿ ಮೂರನೆಯ ದೇಶಗಳ ಜನ: ನೇಪಾಳಿಗಳು, ಫಿಲಿಪ್ಪೀನಿನವರು, ಬಾಂಗ್ಲಾದವರು, ನಮ್ಮ ಭಾರತೀಯರು. ೨೦೧೧ರಲ್ಲಿ ಸಾರಾ ಸ್ಟಿಲ್‌ಮನ್ ಎಂಬ ಪತ್ರಕರ್ತೆ ಇವರನ್ನು ಕುರಿತು ‘ನ್ಯೂಯಾರ್ಕರ್’ ಪತ್ರಿಕೆಯಲ್ಲಿ ದೀರ್ಘವಾದ ವರದಿ ಬರೆದರು. ಅವರ ಸಂಖ್ಯೆ ಆಗ ೭೦ ಸಾವಿರಕ್ಕೂ ಮೇಲೆ. ದುಬಾಯಿಯಲ್ಲಿ ಕೆಲಸವೆಂದು ನಂಬಿಸಿ ಕರೆತಂದ ಫಿಜಿ ದ್ವೀಪದ ಹೆಂಗಸರು ಇರಾಕಿನ ನೆಲೆಯಲ್ಲಿ ಬಂದು ಬಿದ್ದ ಕಥೆ ಅದರಲ್ಲಿದೆ. ೨೦೧೦ರ ಮೇ ತಿಂಗಳಲ್ಲಿ ಬಾಗ್ದಾದಿನ ನೆಲೆಯೊಂದರಲ್ಲಿ, ಊಟ ಸಾಲದೆ ಹೋಯಿತೆಂದು ಭಾರತ, ನೇಪಾಳಗಳ ಕೆಲಸಗಾರರು ರೊಚ್ಚಿಗೆದ್ದ ಕಥೆಯೂ ಇದೆ.

ಆ ವರ್ಷವನ್ನು ಗಮನಿಸಿ. ಫೆಬ್ರವರಿಯಲ್ಲಿ, ಒಂದು ದೇಶದ ನೆಲೆಗಳಲ್ಲಿ ಸುಖ ಅತಿಯಾಯಿತೆಂದು ಪಿಜ್ಜಾ ಅಂಗಡಿ ಮುಚ್ಚುವ ಮಾತು. ಮೇ ತಿಂಗಳಲ್ಲಿ, ಇನ್ನೊಂದು ದೇಶದ ನೆಲೆಯಲ್ಲಿ ಅನ್ನಕ್ಕಾಗಿ ದಂಗೆ. ಎರಡೂ ಒಂದೇ ಸೇನೆಯ ಬೇಲಿಯೊಳಗೆ. ಸೈನಿಕನಿಗೆ ಎಷ್ಟು ಸುಖ ಸಲ್ಲುತ್ತದೆಂದು ಚರ್ಚಿಸಿದವರಲ್ಲಿ, ಸುಖವನ್ನು ತಟ್ಟೆಯಲ್ಲಿಟ್ಟು ತಂದವನಿಗೆ ಎಷ್ಟು ಸಲ್ಲುತ್ತದೆಂದು ಕೇಳಿದವರು ಬಹಳ ಮಂದಿ ಇರಲಿಲ್ಲ. ೨೦೦೪ರ ಆಗಸ್ಟಿನಲ್ಲಿ ಕೆಲಸಕ್ಕೆಂದು ಇರಾಕಿಗೆ ಹೊರಟ ೧೨ ಮಂದಿ ನೇಪಾಳಿಗಳನ್ನು ಉಗ್ರರು ಹಿಡಿದು ಕೊಂದರು. ಅದೇ ವರ್ಷ ಮೂವರು ಭಾರತೀಯ ಲಾರಿ ಚಾಲಕರು ಒತ್ತೆಯಾಳಾಗಿ ಸಿಕ್ಕಿ, ವಾರಗಳ ಮೇಲೆ ಬಿಡುಗಡೆಯಾದರು. ಇಂಥ ಕೆಲಸಕ್ಕೆ ಹೋಗುವವನು ದಲ್ಲಾಳಿಗೆ ಹಣ ಕೊಡಲು ಸಾಲ ಮಾಡಿರುತ್ತಾನೆ. ಸಾಲ ತೀರುವ ತನಕ ಹಿಂತಿರುಗುವಂತಿಲ್ಲ. ಸರ್ಕಾರದ ಗುತ್ತಿಗೆಗಳಲ್ಲಿ ಕೆಲಸಗಾರರಿಂದ ಇಂಥ ಹಣ ಕೀಳಬಾರದೆಂದು ಅಮೆರಿಕದ ಅಧ್ಯಕ್ಷರ ಆಜ್ಞೆ ಹೊರಟದ್ದು ೨೦೧೨ರಲ್ಲಿ, ಯುದ್ಧ ಆರಂಭವಾಗಿ ಹನ್ನೊಂದು ವರ್ಷಗಳಾದ ಮೇಲೆ.

ಇದನ್ನು ಪರದೇಶದ ದೋಷವೆಂದು ಓದಿ ಮಡಿಸಿಡುವ ಹಾಗಿಲ್ಲ. ನಮ್ಮ ನಾಡಿನಲ್ಲೂ ಒಂದು ಕಾಲಕ್ಕೆ ಕಡಲಾಚೆಯವರ ದಂಡು ಬಿಡಾರ ಹೂಡಿತ್ತು. ಬೆಂಗಳೂರಿನ ಹಳಬರು ದಂಡುಪ್ರದೇಶವನ್ನು ಇಂದಿಗೂ ‘ದಂಡು’ ಎಂದೇ ಕರೆಯುತ್ತಾರೆ. ಬಳ್ಳಾರಿಯಂಥ ಬಿಸಿಲೂರಿನಲ್ಲೂ ದಂಡಿತ್ತು. ವಿದ್ಯುತ್ತಿನ ಫ್ಯಾನು ಬರುವುದಕ್ಕೆ ಮೊದಲು ಇಂಥ ಊರುಗಳ ಬಿಡಾರಗಳಲ್ಲಿ ಸೂರಿನಿಂದ ಬಟ್ಟೆಯ ಪಂಖ ತೂಗುತ್ತಿತ್ತು. ಅದಕ್ಕೆ ಕಟ್ಟಿದ ಹಗ್ಗ ಗೋಡೆಯ ತೂತಿನಲ್ಲಿ ಹಾದು ಹೊರಗಿನ ಜಗಲಿಗೆ ಬರುತ್ತಿತ್ತು. ಅಲ್ಲಿ ಪಂಖ ಎಳೆಯುವವನು ಕುಳಿತಿರುತ್ತಿದ್ದ. ಒಳಗಿನವನಿಗೆ ಗಾಳಿ ಕಾಣುತ್ತಿತ್ತು, ಕೈ ಕಾಣುತ್ತಿರಲಿಲ್ಲ. ಗಾಳಿ ನಿಂತಾಗ ಮಾತ್ರ ಹೊರಗೊಬ್ಬನಿದ್ದಾನೆಂಬುದು ನೆನಪಾಗುತ್ತಿತ್ತು, ಅದೂ ಬೈಗುಳದ ರೂಪದಲ್ಲಿ. ಸುಖದ ದೋಷವೆಲ್ಲ ಆ ಗೋಡೆಯ ತೂತಿನಲ್ಲಿದೆಯೆಂದು ನನಗೆ ತೋರುತ್ತದೆ. ತಂಪುಗಾಳಿಯನ್ನು ಬಯಸಿದ್ದು ತಪ್ಪಲ್ಲ. ಗಾಳಿ ತಾನಾಗಿ ಬರುತ್ತದೆಂದು ನಂಬಿದ್ದು ತಪ್ಪು.

ಇನ್ನೂ ಒಂದು ಆಕ್ಷೇಪವನ್ನು ಎದುರಿಸಬೇಕು. ಸಣ್ಣ ಸುಖಗಳು ಸಹಿಸಬಾರದ್ದನ್ನೂ ಸಹಿಸುವಂತೆ ಮಾಡುತ್ತವೆ. ಪಾಳೆಯದಲ್ಲಿ ಕಾಫಿ ಇದೆ, ಹಾಕಿ ಇದೆ, ಮನೆಯವರೊಡನೆ ಮಾತಾಡಲು ಟೆಲಿಫೋನಿದೆ. ಹಾಗಾಗಿ ಇನ್ನೊಂದು ವರ್ಷ ಇರಬಹುದು. ಊರಿನಲ್ಲಿರುವವರಿಗಂತೂ ಯುದ್ಧದ ಬಿಸಿಯೇ ತಟ್ಟುವುದಿಲ್ಲ. ಹೀಗೆ ಒಂದೊಂದು ವರ್ಷ ಸೇರಿ ಇಪ್ಪತ್ತಾಯಿತೆಂದು ಯಾರಾದರೂ ಹೇಳಿದರೆ, ಅದನ್ನು ಪೂರ್ತಿಯಾಗಿ ಅಲ್ಲಗಳೆಯುವ ಧೈರ್ಯ ನನಗಿಲ್ಲ. ಆದರೆ ಪೂರ್ತಿಯಾಗಿ ಒಪ್ಪಲೂ ಆಗದು. ನಿಂಬೆಹಣ್ಣಿಲ್ಲದೆಯೂ ಮೆಸೊಪೊಟೇಮಿಯಾದ ಯುದ್ಧ ನಡೆದೇ ನಡೆಯಿತು. ಕಷ್ಟ ಕೊಟ್ಟರೆ ಯುದ್ಧ ಬೇಗ ಮುಗಿಯುತ್ತದೆಂಬುದಕ್ಕೆ ಇತಿಹಾಸದಲ್ಲಿ ಆಧಾರ ಕಡಿಮೆ; ಏಕೆಂದರೆ ಕಷ್ಟಪಡುವವನೂ ಯುದ್ಧವನ್ನು ಮುಗಿಸುವ ಅಧಿಕಾರವುಳ್ಳವನೂ ಒಬ್ಬನೇ ಅಲ್ಲ. ಕಂದಹಾರಿನ ಹಲಗೆಯ ಮೇಲೆ ಕಾಫಿ ಕುಡಿದವರು ಸಾವನ್ನು ಮರೆತಿದ್ದರೆಂದೂ ಹೇಳಲಾಗದು. ಅದೇ ನೆಲೆಯ ಓಡುದಾರಿಯಲ್ಲಿ, ಸತ್ತವರ ಪೆಟ್ಟಿಗೆಗಳನ್ನು ವಿಮಾನಕ್ಕೆ ಏರಿಸುವಾಗ, ಅವರು ಎರಡು ಸಾಲಾಗಿ ನಿಂತು ಕೈಯೆತ್ತಿ ವಂದಿಸುತ್ತಿದ್ದರು. ಕೆನಡಾ ಆ ಯುದ್ಧದಲ್ಲಿ ೧೫೮ ಸೈನಿಕರನ್ನು ಕಳೆದುಕೊಂಡಿತು.

ನಮ್ಮಲ್ಲಿ ಉಡುಪಿಯ ಅರಸನ ಬಗ್ಗೆ ಒಂದು ಕಥೆ ಹೇಳುತ್ತಾರೆ. ಕುರುಕ್ಷೇತ್ರಕ್ಕೆ ಅವನೂ ಹೋದ. ಆದರೆ ಯಾವ ಪಕ್ಷವನ್ನೂ ಸೇರಲಿಲ್ಲ. ಕಾದುವವರು ಇಷ್ಟೊಂದು ಮಂದಿ ಇದ್ದಾರೆ, ಇವರಿಗೆ ಅಡಿಗೆ ಮಾಡುವವರು ಯಾರು ಎಂದು ಕೃಷ್ಣನನ್ನು ಕೇಳಿ, ಎರಡು ಕಡೆಯವರಿಗೂ ಬಡಿಸುವ ಕೆಲಸವನ್ನು ತಾನೇ ವಹಿಸಿಕೊಂಡ. ಹದಿನೆಂಟು ದಿನವೂ ಅನ್ನ ಒಂದು ಅಗುಳು ಉಳಿಯಲಿಲ್ಲ, ಒಂದು ಅಗುಳು ಸಾಲದೆ ಹೋಗಲಿಲ್ಲ. ದಿನದಿನವೂ ಸಾವಿರ ಸಾವಿರ ಜನ ಸಾಯುತ್ತಿರುವಾಗ ಇದು ಹೇಗೆ ಸಾಧ್ಯವೆಂದು ಕೇಳಿದ್ದಕ್ಕೆ ಅರಸ ಗುಟ್ಟು ಹೇಳಿದನಂತೆ: ರಾತ್ರಿ ಕೃಷ್ಣನ ಮುಂದೆ ಬೇಯಿಸಿದ ಕಡಲೆಕಾಯಿ ಇಡುತ್ತಿದ್ದ, ಅವನು ಎಷ್ಟು ತಿಂದನೋ ಅಷ್ಟು ಸಾವಿರ ಮಂದಿ ಮರುದಿನ ಸಾಯುತ್ತಾರೆಂದು ತಿಳಿದು ಅಕ್ಕಿ ಅಳೆಯುತ್ತಿದ್ದ. ಮಹಾಭಾರತದ ಕಾಲಕ್ಕೆ ಕಡಲೆಕಾಯಿ ಎಲ್ಲಿತ್ತು ಎಂದು ಪಂಡಿತರು ನಕ್ಕಾರು. ಅದು ಅಮೆರಿಕದಿಂದ ಬಂದದ್ದು, ನಿಜ. ಕಥೆ ಕಟ್ಟಿದವರಿಗೆ ಸಸ್ಯಶಾಸ್ತ್ರ ತಿಳಿಯದಿದ್ದರೂ ಯುದ್ಧ ತಿಳಿದಿತ್ತು. ಅನ್ನದ ಲೆಕ್ಕ ಮತ್ತು ಹೆಣದ ಲೆಕ್ಕ ಎರಡನ್ನೂ ಒಂದೇ ಕಡತದಲ್ಲಿ ಬರೆದವನು ಆ ಪಾಳೆಯದಲ್ಲಿ ಅಡಿಗೆಯವನೊಬ್ಬನೆ. ನಮ್ಮ ಕಾಲದ ನೆಲೆಗಳಲ್ಲಿ ಈ ಕಡತಗಳು ಬೇರೆಬೇರೆಯಾದವು. ೪೦ ಲಕ್ಷ ಬಟ್ಟಲು ಕಾಫಿಯ ಲೆಕ್ಕ ಒಂದರಲ್ಲಿ, ೧೫೮ ಪೆಟ್ಟಿಗೆಗಳ ಲೆಕ್ಕ ಇನ್ನೊಂದರಲ್ಲಿ. ಕಣಿವೆಯಲ್ಲಿ ಸುಟ್ಟುಹೋದ ಚಾಲಕ, ಸಾಲ ಮಾಡಿ ಬಂದು ಪಾತ್ರೆ ತೊಳೆದವನು ಈ ಎರಡರಲ್ಲಿಯೂ ಇಲ್ಲ.

ಅವರನ್ನೂ ಸೇರಿಸಿ ಒಂದೇ ಕಡತದಲ್ಲಿ ಬರೆದುಕೊಳ್ಳುವುದಾದರೆ ಸಣ್ಣ ಸುಖವನ್ನು ನಾಚಿಕೆಯಿಲ್ಲದೆ ಅನುಭವಿಸಬಹುದೆಂದು ನನ್ನ ಭಾವನೆ. ಬರೆದುಕೊಂಡ ಮೇಲೆ ಕೆಲವು ಸುಖಗಳು ತಾವಾಗಿಯೇ ಬೇಡವಾಗಬಹುದು. ಸೋರುವ ಡೇರೆಯ ತಂಪು ಅಂಥದು. ಕೆಲವು ಮತ್ತಷ್ಟು ಪ್ರಿಯವಾಗಬಹುದು. ಒಂದು ಬಟ್ಟಲು ಕಾಫಿ ಅಂಥದು. ಮೇಲಿನಿಂದ ಬಂದ ಆಜ್ಞೆ ಈ ವಿವೇಚನೆಯನ್ನು ಮಾಡಲಾರದು. ಅದು ಅಂಗಡಿಯನ್ನು ಮುಚ್ಚಿಸೀತು, ಗೋಡೆಯ ತೂತನ್ನು ಹಿಗ್ಗಿಸಿ ಆಚೆಯವನನ್ನು ತೋರಿಸಲಾರದು.

ಕಂದಹಾರಿನ ನೆಲೆಯನ್ನು ೨೦೨೧ರ ಮೇ ತಿಂಗಳಲ್ಲಿ ಆಫ್ಘನ್ ಪಡೆಗಳಿಗೆ ಬಿಟ್ಟುಕೊಟ್ಟರು. ಜುಲೈ ಮೊದಲಲ್ಲಿ ಬಗ್ರಾಂ ನೆಲೆಯನ್ನು ರಾತ್ರೋರಾತ್ರಿ ತೆರವು ಮಾಡಿದರು. ಆಗಸ್ಟ್ ೧೫ರಂದು ಕಾಬೂಲ್ ತಾಲಿಬಾನಿನ ಕೈಸೇರಿತು. ಸುಖ ಹೆಚ್ಚಾಯಿತೆ, ಕಡಿಮೆಯಾಯಿತೆ ಎಂಬ ಹಳೆಯ ಚರ್ಚೆ ಅಲ್ಲಿಗೆ ಅರ್ಥ ಕಳೆದುಕೊಂಡಿತು. ಆದರೆ ನಮ್ಮ ಮನೆಗಳಲ್ಲಿ ಅದು ದಿನವೂ ಬೆಳಗ್ಗೆ ಹೊಸದಾಗಿ ಹುಟ್ಟುತ್ತದೆ. ಎಷ್ಟೋ ಮನೆಗಳಲ್ಲಿ, ಪಾತ್ರೆ ತೊಳೆಯಲು ಬರುವವಳಿಗೆಂದು ಒಂದು ಲೋಟವನ್ನು ಇ೦ದಿಗೂ ಬೇರೆಯಾಗಿ ಕಿಟಕಿಯ ಕಟ್ಟೆಯ ಮೇಲೆ ಬೋರಲು ಹಾಕಿಟ್ಟಿರುತ್ತಾರೆ. ಉಳಿದೆಲ್ಲ ಲೋಟಗಳನ್ನು ಅವಳೇ ಬೆಳಗುತ್ತಾಳೆ. ಕುಡಿಯುವುದು ಮಾತ್ರ ಆ ಒಂದರಲ್ಲಿ, ಅದೂ ಹಿತ್ತಿಲಲ್ಲಿ ನಿಂತು. ಕಂದಹಾರಿನ ಸಾಲಿನಲ್ಲಿ ನಿಂತ ಸೈನಿಕನಿಗೆ ಕಾಫಿಯಲ್ಲಿ ಸಿಕ್ಕಿದ್ದು, ತಾನೊಬ್ಬ ಮನುಷ್ಯನೆಂಬ ನೆನಪು ಎಂದು ಮೇಲೆ ಹೇಳಿದೆ. ಅವಳಿಗೂ ಬೇಕಾದದ್ದು ಅದೇ. ಸಕ್ಕರೆ ಎಷ್ಟು ಎಂದು ಅವಳನ್ನು ಕೇಳಿದವರು ಎಷ್ಟು ಮಂದಿ?

ಜನರಲ್ ಮೆಕ್‌ಕ್ರಿಸ್ಟಲ್ ಅವರ ಆಜ್ಞೆಯನ್ನು ತಿದ್ದುವ ಅವಕಾಶ ನನಗೆ ಸಿಕ್ಕಿದ್ದರೆ ಅಂಗಡಿಗಳನ್ನು ಮುಚ್ಚುವ ಮಾತನ್ನು ಹೊಡೆದುಹಾಕಿ, ಬಡಿಸಿದವರೂ ಅದೇ ಮೇಜಿನಲ್ಲಿ ಕುಳಿತು ಅದನ್ನೇ ತಿನ್ನತಕ್ಕದ್ದೆಂದು ಒಂದು ಸಾಲು ಬರೆಯುತ್ತಿದ್ದೆ. ದೊಡ್ಡ ಸೇನೆಯಲ್ಲಿ ಅದು ನಡೆಯುತ್ತಿತ್ತೋ ಇಲ್ಲವೋ. ಮನೆಯಲ್ಲಿ ನಡೆಸುವುದಕ್ಕೆ ಆಜ್ಞೆಯೂ ಬೇಕಾಗಿಲ್ಲ. ನಾಳೆ ಬೆಳಗ್ಗೆ ಕಿಟಕಿಯ ಕಟ್ಟೆಯ ಮೇಲಿನ ಲೋಟವನ್ನು ತೆಗೆದು ಉಳಿದವುಗಳ ಜೊತೆಗೆ ಇಟ್ಟರಾಯಿತು.